ಅಡಿಕೆ ಸೊಕ್ಕು, ಡೆನ್ಮಾರ್ಕಿನ ಗುಳಿಗೆ

2024ರ ಸೆಪ್ಟೆಂಬರ್ ಕೊನೆಯ ವಾರ ನಮ್ಮ ಕಡೆಯ ಬೆಳೆಗಾರರ ವಾಟ್ಸಾಪ್ ಗುಂಪಿಗೆ ಒಂದು ಸುದ್ದಿ ಬಂದು ಬಿತ್ತು. ‘ಅಡಿಕೆಯಿಂದ ಮಾನಸಿಕ ರೋಗಕ್ಕೆ ಔಷಧಿ, ಅಮೆರಿಕ ಸರಕಾರದ ಒಪ್ಪಿಗೆ.’ ಕೆಳಗೆ ಸಾಲುಸಾಲು ಹೆಬ್ಬೆಟ್ಟು, ಕೈಮುಗಿತ, ಜೈಕಾರ. ಭಾವ ಅದನ್ನೇ ನನಗೆ ಬೇರೆಯಾಗಿ ಕಳಿಸಿ, ‘ನೀ ಯಾವಾಗ್ಲೂ ಅಡಿಕೆಗೆ ಬೈತೆ, ಈಗ ನೋಡು’ ಅಂತ ಕೆಣಕಿದ.

ನಾನು ಬಿ.ಫಾರ್ಮ್ ಓದಿ ಶಿರಸಿ ಪೇಟೆಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡವಳು. ಮನೆಯಲ್ಲಿ ಅಡಿಕೆ ತೋಟ. ಅಂಗಡಿಗೆ ಹಾಕಿದ ಬಂಡವಾಳವೂ ಅಡಿಕೆಯದ್ದೇ. ಹಾಗಾಗಿ ಅಡಿಕೆಗೆ ಬೈಯುವಾಗ ಸ್ವಲ್ಪ ನೋಡಿಕೊಂಡೇ ಬೈಯುತ್ತೇನೆ. ಆ ಸುದ್ದಿಯಲ್ಲಿ ಸತ್ಯದ ಎಳೆ ಒಂದು ಇತ್ತು. ಅದನ್ನು ಬಿಡಿಸಿ ಹೇಳುವುದಕ್ಕೆ ಹೆಬ್ಬೆಟ್ಟುಗಳ ನಡುವೆ ಜಾಗ ಸಾಲದು, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸೊಕ್ಕಿನ ವಿಷಯ. ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಬಯಲುಸೀಮೆಯ ಓದುಗರಿಗೆ ಹೇಳಬೇಕು. ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಇಳಿಸುವ ದಿನಗಳಲ್ಲಿ ರಾತ್ರಿ ಅಂಗಳದಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯುತ್ತಾ ಕೂತಿರುತ್ತಾರೆ. ಹುಬ್ಬಳ್ಳಿ ಕಡೆಯಿಂದ ಬಂದ ನೆಂಟನೊಬ್ಬ, ಎಲ್ಲರೂ ಹಾಕುತ್ತಿದ್ದಾರಲ್ಲ ಎಂದು, ಆಗಷ್ಟೇ ಸುಲಿದ ಹಸಿ ಹೋಳೊಂದನ್ನು ಎಲೆ ಸುಣ್ಣದ ಜೊತೆ ಬಾಯಿಗೆ ಹಾಕಿಕೊಳ್ಳುತ್ತಾನೆ. ಎರಡು ಸಲ ಅಗಿಯುವುದರೊಳಗೆ ಕಿವಿ ಬಿಸಿಯಾಗುತ್ತದೆ. ಹಣೆ, ಮೇಲ್ದುಟಿಯ ಮೇಲೆ ಬೆವರು ಮೂಡುತ್ತದೆ. ಬಾಯ್ತುಂಬ ನೀರು, ಗಂಟಲು ಹಿಡಿದಂತೆ, ಎದೆ ಡವಡವ, ಕೂತಲ್ಲೇ ನೆಲ ತಿರುಗಿದ ಹಾಗೆ. ಅಜ್ಜಿ ತಲೆಯೆತ್ತಿ ನೋಡಿ, ‘ಸೊಕ್ಕಿದ್ದು ಕಾಣ್ತು’ ಅನ್ನುತ್ತಾಳೆ. ಉಗಿಸಿ, ಬಾಯಿ ತೊಳೆಸಿ, ಮಜ್ಜಿಗೆ ಕುಡಿಸುತ್ತಾರೆ. ಕಾಲು ಗಂಟೆ ಕಳೆದರೆ ನೆಂಟ ಸರಿ. ಆಮೇಲೆ ಆ ಮನೆಗೆ ಅವನು ಬಂದಾಗಲೆಲ್ಲ ಈ ಕಥೆ ಹೇಳಿ ನಗುತ್ತಾರೆ.

ಆ ಕಾಲು ಗಂಟೆಯ ಲೆಕ್ಕವನ್ನು ತೈವಾನಿನ ವೈದ್ಯರು ಗಡಿಯಾರ ಹಿಡಿದು ಅಳೆದಿದ್ದಾರೆ. ಅಗಿಯಲು ಶುರುಮಾಡಿದ 2 ನಿಮಿಷದೊಳಗೆ ಪರಿಣಾಮ ಶುರು, 4ರಿಂದ 6 ನಿಮಿಷಕ್ಕೆ ತುದಿ, ಸುಮಾರು 17 ನಿಮಿಷಕ್ಕೆ ಮುಗಿತಾಯ. ಅಲ್ಲಿ ಲಾರಿ ಓಡಿಸುವವರು ನಿದ್ದೆ ಬಾರದಿರಲೆಂದು ಅಡಿಕೆ ಅಗಿಯುತ್ತಾರೆ, ಹಾಗಾಗಿ ಅವರಿಗೆ ಈ ಲೆಕ್ಕ ಬೇಕಾಯಿತು.

ಇಷ್ಟನ್ನೂ ಮಾಡಿಸುವುದು ಮುಖ್ಯವಾಗಿ ಅರೆಕೋಲಿನ್ ಎಂಬ ಒಂದು ಆಲ್ಕಲಾಯ್ಡ್, ಅಂದರೆ ಗಿಡಗಳಲ್ಲಿ ಸಿಗುವ ಕ್ಷಾರಗುಣದ ರಾಸಾಯನಿಕ. 1888ರಲ್ಲಿ ಯಾನ್ಸ್ ಎಂಬ ಜರ್ಮನ್ ರಸಾಯನತಜ್ಞ ಇದನ್ನು ಅಡಿಕೆಯಿಂದ ಬೇರ್ಪಡಿಸಿದ. ನಮ್ಮ ನರಗಳು ಒಂದಕ್ಕೊಂದು, ಮತ್ತು ಗ್ರಂಥಿ–ಸ್ನಾಯುಗಳಿಗೆ, ಸಂದೇಶ ಕಳಿಸಲು ಬಳಸುವ ರಾಸಾಯನಿಕಗಳಲ್ಲಿ ಅಸಿಟೈಲ್‌ಕೋಲಿನ್ ಒಂದು. ಅದು ಹೋಗಿ ಕೂರುವ ರಿಸೆಪ್ಟರ್‌ಗಳಲ್ಲಿ ಎರಡು ಬಣಗಳಿವೆ. 1914ರಲ್ಲಿ ಹೆನ್ರಿ ಡೇಲ್ ಈ ಎರಡು ಬಗೆಯ ಕೆಲಸವನ್ನು ಬೇರೆಬೇರೆಯಾಗಿ ಗುರುತಿಸಿದ. ಒಂದು ಬಣಕ್ಕೆ ವಿಷದ ಅಣಬೆಯ ಮಸ್ಕರಿನ್‌ನಿಂದ ಮಸ್ಕರಿನಿಕ್ ಎಂದೂ, ಇನ್ನೊಂದಕ್ಕೆ ತಂಬಾಕಿನ ನಿಕೋಟಿನ್‌ನಿಂದ ನಿಕೋಟಿನಿಕ್ ಎಂದೂ ಹೆಸರಾಯಿತು. ನಮ್ಮ ನರಮಂಡಲದ ಅಂಗಾಂಗಗಳಿಗೆ ಗಿಡ, ಅಣಬೆಗಳ ಹೆಸರು ಇರುವುದು ನನಗೆ ಓದುವ ಕಾಲದಿಂದಲೂ ತಮಾಷೆ ಅನ್ನಿಸುತ್ತದೆ.

ಮಸ್ಕರಿನಿಕ್ ರಿಸೆಪ್ಟರ್‌ಗಳಲ್ಲಿ ಐದು ಬಗೆ, ಎಂ1ರಿಂದ ಎಂ5. ಎಂ3 ಇರುವುದು ಜೊಲ್ಲಿನ ಗ್ರಂಥಿ, ಬೆವರಿನ ಗ್ರಂಥಿ, ಕರುಳು, ಶ್ವಾಸನಾಳಗಳಲ್ಲಿ. ನೆಂಟನ ಬಾಯಿಯ ನೀರು, ಹಣೆಯ ಬೆವರು ಅಲ್ಲಿಯವು. ಎಂ2 ಹೃದಯದಲ್ಲಿದೆ. ಎಂ1 ಮಿದುಳಿನ ಹೊರಪದರದಲ್ಲಿ ಮತ್ತು ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನಲ್ಲಿ ಹೇರಳ. ಎಂ4 ಮಿದುಳಿನ ಒಳಭಾಗದಲ್ಲಿ, ನರಗಳ ಇನ್ನೊಂದು ಸಂದೇಶವಾಹಕವಾದ ಡೋಪಮಿನ್‌ನ ಓಡಾಟ ಹೆಚ್ಚಿರುವ ಜಾಗದಲ್ಲಿ. ಅರೆಕೋಲಿನ್‌ಗೆ ಈ ಭೇದವೆಲ್ಲ ಇಲ್ಲ. ಸಿಕ್ಕಿದ್ದರ ಮೇಲೆಲ್ಲ ಕೂರುತ್ತದೆ. ಎದೆ ಡವಡವ ಮಾತ್ರ ಈ ಲೆಕ್ಕಕ್ಕೆ ಹೊಂದುವುದಿಲ್ಲ, ಏಕೆಂದರೆ ಎಂ2 ಕೆರಳಿದರೆ ಹೃದಯದ ಬಡಿತ ನಿಧಾನವಾಗಬೇಕು. ಕವಳ (ಎಲೆ, ಅಡಿಕೆ, ಸುಣ್ಣದ ತಾಂಬೂಲ) ಹಾಕಿದವರ ರಕ್ತದಲ್ಲಿ ಅಡ್ರಿನಲಿನ್, ನಾರ್‌ಅಡ್ರಿನಲಿನ್ ಏರುವುದನ್ನೂ ತೈವಾನಿನವರೇ ಅಳೆದರು. ಬಡಿತ ಏರುವುದು ಅದರಿಂದ.

ಎಲ್ಲ ಅಡಿಕೆಯೂ ಒಂದೇ ಸಮ ಸೊಕ್ಕುವುದಿಲ್ಲ. ಮರದಿಂದ ಮರಕ್ಕೆ, ಬಲಿತದ್ದಕ್ಕೂ ಎಳೆಯದಕ್ಕೂ ವ್ಯತ್ಯಾಸ ಇದೆ. ಸುಲಿದು ಹಂಡೆಯಲ್ಲಿ ಬೇಯಿಸಿದ ಕೆಂಪಡಿಕೆಯಲ್ಲಿ ಅರೆಕೋಲಿನ್ ಬಹಳಷ್ಟು ಕಡಿಮೆಯಾಗಿರುತ್ತದೆ, ನೀರಿಗೆ ಇಳಿದುಹೋಗುತ್ತದೆ. ಆ ನೀರಿನಿಂದಲೇ ಮಾಡಿದ ಚೊಗರನ್ನು ಬಣ್ಣಕ್ಕೆಂದು ನಾವು ಮತ್ತೆ ಅಡಿಕೆಗೇ ಹಾಕುತ್ತೇವೆ ಎನ್ನುವುದು ಬೇರೆ ಮಾತು. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಬಿಸಿಲಿಗೆ ಒಣಗಿಸಿದ ಚಾಲಿಯಲ್ಲಿ ಅದು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ.

ಈ ಕಥೆಯಲ್ಲಿ ಸುಣ್ಣದ ಪಾತ್ರ ಚಿಕ್ಕದಲ್ಲ. ಕ್ಷಾರ ಹೆಚ್ಚಿದಾಗ ಅರೆಕೋಲಿನ್ ತನ್ನ ವಿದ್ಯುದಾವೇಶ ಕಳಚಿಕೊಂಡು ಕೆನ್ನೆಯ ಒಳಚರ್ಮವನ್ನು ಸುಲಭವಾಗಿ ದಾಟುತ್ತದೆ. ಸುಣ್ಣವಿಲ್ಲದೆ ಬರೀ ಅಡಿಕೆ ಅಗಿದರೆ ‘ಹಿಡಿಯುವುದಿಲ್ಲ’ ಎನ್ನುವವರ ಮಾತಿಗೆ ಇದು ವಿವರಣೆ. ಜೊತೆಗೆ ಸುಣ್ಣ ಅರೆಕೋಲಿನ್‌ನ ಒಂದಷ್ಟು ಪಾಲನ್ನು ಒಡೆದು ಅರೆಕೈಡಿನ್ ಮಾಡುತ್ತದೆ. ಇದಕ್ಕೆ ಮಸ್ಕರಿನಿಕ್ ರಿಸೆಪ್ಟರ್‌ಗಳ ಗೊಡವೆ ಇಲ್ಲ. ಮಿದುಳನ್ನು ಶಾಂತವಾಗಿಡುವ ಗಾಬಾ ಎಂಬ ರಾಸಾಯನಿಕ ತನ್ನ ಕೆಲಸ ಮುಗಿಸಿದ ಮೇಲೆ ಜೀವಕೋಶಗಳು ಅದನ್ನು ಮತ್ತೆ ಒಳಗೆ ಹೀರಿಕೊಳ್ಳುತ್ತವಲ್ಲ, ಆ ಹೀರುವಿಕೆಯನ್ನು ಅರೆಕೈಡಿನ್ ತಡೆಯುತ್ತದೆ. ಅಡಿಕೆಯಲ್ಲೇ ಇರುವ ಗುವಾಸಿನ್ ಕೂಡ ಹಾಗೆಯೇ. ಇವೆರಡರ ಈ ಗುಣವನ್ನು 1975ರಲ್ಲಿ ಆಸ್ಟ್ರೇಲಿಯಾದ ಗ್ರಹಾಂ ಜಾನ್‌ಸ್ಟನ್ ಮತ್ತು ಸಂಗಡಿಗರು ತೋರಿಸಿದರು.

ಇಲ್ಲಿಂದ ಡೆನ್ಮಾರ್ಕ್ ಬರುತ್ತದೆ, ಬಂದರೆ ಬಿಡುವುದೇ ಇಲ್ಲ. ಆ ದೇಶದ ಚಳಿಯಲ್ಲಿ ಒಂದು ಅಡಿಕೆ ಸಸಿಯೂ ಬದುಕಲಾರದು. ಕೋಪನ್‌ಹೇಗನ್‌ನ ಪೋವ್ಲ್ ಕ್ರೊಗ್ಸ್‌ಗಾರ್ಡ್–ಲಾರ್ಸನ್ ಗುವಾಸಿನ್‌ನ ರಚನೆ ಹಿಡಿದುಕೊಂಡು ಅದರಂಥವೇ ಬೇರೆ ಅಣುಗಳ ಮೇಲೆ ಕೆಲಸ ಮಾಡಿದರು. ನಿಪೆಕೋಟಿಕ್ ಆಮ್ಲ ಚೆನ್ನಾಗಿ ಕೆಲಸ ಮಾಡುತ್ತಿತ್ತು, ಆದರೆ ರಕ್ತದಿಂದ ಮಿದುಳಿಗೆ ದಾಟುತ್ತಿರಲಿಲ್ಲ. ಅದಕ್ಕೆ ಕೊಬ್ಬಿನಲ್ಲಿ ಕರಗುವ ಒಂದು ಬಾಲ ಜೋಡಿಸಿ ನೊವೊ ನಾರ್ಡಿಸ್ಕ್ ಕಂಪನಿಯವರು ದಾಟಿಸಿದರು. ಹಾಗೆ ಹುಟ್ಟಿದ್ದು ಟಯಾಗಬಿನ್. 1997ರಲ್ಲಿ ಅಮೆರಿಕದಲ್ಲಿ ಅಪಸ್ಮಾರಕ್ಕೆ ಒಪ್ಪಿಗೆ ಪಡೆಯಿತು. ಅಂದರೆ ‘ಅಡಿಕೆಯಿಂದ ಮಿದುಳಿನ ಔಷಧಿ’ ಎಂಬ ಸುದ್ದಿ ನಮ್ಮ ಗುಂಪಿಗೆ ತಲುಪುವ ಹೊತ್ತಿಗೆ ಅಂಥದ್ದೊಂದು ಗುಳಿಗೆಗೆ ಇಪ್ಪತ್ತೇಳು ವರ್ಷ ವಯಸ್ಸು.

ಈಗ ಅರೆಕೋಲಿನ್‌ಗೆ ವಾಪಸ್ಸು. 1978ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಸೀತಾರಾಂ, ವೈನ್‌ಗಾರ್ಟ್ನರ್, ಗಿಲಿನ್ ಎಂಬ ಮೂವರು ಒಂದು ಪ್ರಯೋಗ ಪ್ರಕಟಿಸಿದರು. ನನಗೆ ಬಹಳ ಇಷ್ಟವಾದ ಪ್ರಯೋಗ. ಆರೋಗ್ಯವಂತರಿಗೆ 4 ಮಿಲಿಗ್ರಾಂ ಅರೆಕೋಲಿನ್ ಚುಚ್ಚಿ ಪದಗಳ ಪಟ್ಟಿ ಕಲಿಸಿದರೆ ಬೇಗ ಕಲಿತರು. ಸ್ಕೋಪಲಮಿನ್ ಅರ್ಧ ಮಿಲಿಗ್ರಾಂ ಕೊಟ್ಟರೆ ಕಲಿಕೆ ಕುಂಟಿತು. ಸ್ಕೋಪಲಮಿನ್ ಎಂದರೆ ನಮ್ಮ ದತ್ತೂರಿ ಗಿಡದ ಆಲ್ಕಲಾಯ್ಡ್. ಅರೆಕೋಲಿನ್ ಕೆರಳಿಸುವ ರಿಸೆಪ್ಟರ್‌ಗಳನ್ನೇ ಅದು ಮುಚ್ಚಿಬಿಡುತ್ತದೆ. ದತ್ತೂರಿ ಬೀಜ ತಿಂದವರಿಗೆ ಬಾಯಿ ಒಣಗಿ, ಬೆವರು ನಿಂತು, ಮೈ ಕಾದು, ಯಾರು ಎದುರಿದ್ದಾರೆಂದೇ ತಿಳಿಯದಂತಾಗುವುದು ಸೊಕ್ಕಿಗೆ ಪೂರಾ ತಿರುಗುಮುರುಗು. ಇನ್ನೊಂದು ವಿಷಯ, ಮೊದಲೇ ಚೆನ್ನಾಗಿ ನೆನಪಿಡುತ್ತಿದ್ದವರಿಗೆ ಅರೆಕೋಲಿನ್‌ನಿಂದ ಹೆಚ್ಚೇನೂ ಲಾಭವಾಗಲಿಲ್ಲ. ಹಿಂದುಳಿದವರಿಗೆ ಹೆಚ್ಚಾಯಿತು. ಕವಳ ಹಾಕದೆ ಸೊಸೈಟಿಯ ಲೆಕ್ಕ ಕೂಡುವುದಿಲ್ಲ ಎನ್ನುವ ದೊಡ್ಡಪ್ಪನಿಗೆ ಇದನ್ನು ಹೇಳಿದಾಗ ಮೊದಲರ್ಧ ಕೇಳಿ ತಲೆದೂಗಿದರು, ಎರಡನೆಯ ಅರ್ಧಕ್ಕೆ ಎದ್ದು ಹೋದರು.

ಆ ಪ್ರಯೋಗದಲ್ಲಿ ಒಂದು ಜಾಣತನವಿತ್ತು. ಚುಚ್ಚುವ ಮೊದಲು ಎಲ್ಲರಿಗೂ ಮೆಥ್‌ಸ್ಕೋಪಲಮಿನ್ ಕೊಟ್ಟಿದ್ದರು. ಇದೂ ಮಸ್ಕರಿನಿಕ್ ರಿಸೆಪ್ಟರ್‌ಗಳನ್ನು ಮುಚ್ಚುವುದೇ, ಆದರೆ ಮಿದುಳಿನೊಳಗೆ ಸುಲಭಕ್ಕೆ ಹೋಗದು. ಜಗುಲಿಯ ತನಕ ಬಂದು ಅಲ್ಲೇ ಕೂತು, ಒಳಮನೆಗೆ ಕಾಲಿಡದ ನೆಂಟನ ಹಾಗೆ. ಹೊಟ್ಟೆ, ಬೆವರು, ಜೊಲ್ಲಿನ ರಿಸೆಪ್ಟರ್‌ಗಳನ್ನು ಅದು ಹೊರಗೆ ಹಿಡಿದಿಟ್ಟುಕೊಂಡರೆ, ಅರೆಕೋಲಿನ್ ಮಿದುಳಿನಲ್ಲಿ ಮಾತ್ರ ಕೆಲಸ ಮಾಡಬೇಕು.

ಈ ಉಪಾಯವೇ ಮುಂದೆ ವಾಟ್ಸಾಪಿನ ಆ ಗುಳಿಗೆಯಾಯಿತು. ಅರೆಕೋಲಿನ್ ಅನ್ನೇ ಔಷಧಿ ಮಾಡಲು ಆಗುವುದಿಲ್ಲ, ಏಕೆಂದರೆ ಅದರಲ್ಲಿರುವ ಎಸ್ಟರ್ ಕೊಂಡಿಯನ್ನು ನಮ್ಮ ದೇಹದ ಕಿಣ್ವಗಳು ನಿಮಿಷಗಳಲ್ಲಿ ಕತ್ತರಿಸಿ ಹಾಕುತ್ತವೆ. ಮತ್ತೆ ಅದೇ ನೊವೊ ನಾರ್ಡಿಸ್ಕ್‌ನ ರಸಾಯನತಜ್ಞರು, 1990ರ ದಶಕದ ಆರಂಭದಲ್ಲಿ, ಅಮೆರಿಕದ ಎಲಿ ಲಿಲ್ಲಿ ಜೊತೆ ಸೇರಿ, ಅರೆಕೋಲಿನ್‌ನ ಉಂಗುರ ಹಾಗೇ ಇಟ್ಟುಕೊಂಡು ಆ ಎಸ್ಟರ್ ಜಾಗಕ್ಕೆ ಸುಲಭಕ್ಕೆ ಮುರಿಯದ ಬೇರೊಂದು ಗುಂಪು ಕೂರಿಸಿ ಝ್ಯಾನೊಮೆಲಿನ್ ಮಾಡಿದರು. ಕಾಗದದ ಮೇಲೆ ಎರಡನ್ನೂ ಅಕ್ಕಪಕ್ಕ ಬರೆದರೆ ಒಂದೇ ಮನೆಯವರೆಂದು ಗೊತ್ತಾಗುತ್ತದೆ. ಇದಕ್ಕೆ ಎಂ1, ಎಂ4ರ ಕಡೆ ಒಲವು ಹೆಚ್ಚು. ಆಲ್ಝೈಮರ್ ರೋಗಿಗಳಿಗೆ ಕೊಟ್ಟು ನೋಡಿದರು. 1997ರಲ್ಲಿ ಬಂದ ವರದಿಯಲ್ಲಿ ಅವರ ಭ್ರಮೆ, ಸಂಶಯ, ಸಿಡುಕು ಕಡಿಮೆಯಾಗಿದ್ದು ಎದ್ದು ಕಾಣುತ್ತಿತ್ತು. ಆದರೆ ವಾಂತಿ, ಬೆವರು, ಹೊಟ್ಟೆ ತೊಳಸುವುದು ತಾಳಲಾರದೆ ಬಹಳ ಜನ ಅರ್ಧಕ್ಕೇ ಬಿಟ್ಟರು. ಸೊಕ್ಕು ಅಲ್ಲಿಗೂ ಬೆನ್ನು ಹತ್ತಿತ್ತು. ಔಷಧಿ ಕಪಾಟಿನ ಹಿಂದೆ ಸರಿಯಿತು.

ವರ್ಷಗಳ ಮೇಲೆ ಕರುಣಾ ಎಂಬ ಅಮೆರಿಕನ್ ಕಂಪನಿ (ಹೆಸರು ಹೀಗೇ ಇದೆ, ನಮ್ಮವರದ್ದಲ್ಲ) ಝ್ಯಾನೊಮೆಲಿನ್ ಜೊತೆಗೆ ಟ್ರೋಸ್ಪಿಯಂ ಸೇರಿಸಿತು. ಟ್ರೋಸ್ಪಿಯಂ ಪದೇಪದೇ ಮೂತ್ರಕ್ಕೆ ಹೋಗುವವರಿಗೆ ಕೊಡುವ ಹಳೆಯ ಮಾತ್ರೆ, ಮಿದುಳಿಗೆ ಹೋಗದ ಜಾತಿಯದ್ದು. 1978ರ ಉಪಾಯವೇ. ಬ್ರಿಸ್ಟಲ್ ಮೈಯರ್ಸ್ ಸ್ಕ್ವಿಬ್ ಆ ಕಂಪನಿಯನ್ನು 1,400 ಕೋಟಿ ಡಾಲರಿಗೆ ಕೊಂಡಿತು. 2024ರ ಸೆಪ್ಟೆಂಬರ್ 26ರಂದು ಸ್ಕಿಜೊಫ್ರೀನಿಯಾ ಎಂಬ ಮಾನಸಿಕ ರೋಗಕ್ಕೆ ಒಪ್ಪಿಗೆ ಸಿಕ್ಕಿತು. ಇದರಲ್ಲಿ ದೊಡ್ಡ ವಿಷಯ ಏನೆಂದರೆ, ಸುಮಾರು ಎಪ್ಪತ್ತು ವರ್ಷದಿಂದ ಈ ರೋಗಕ್ಕೆ ಬಂದ ಔಷಧಿಗಳೆಲ್ಲ ಡೋಪಮಿನ್ ರಿಸೆಪ್ಟರ್ ಹಿಡಿದೇ ಕೆಲಸ ಮಾಡುತ್ತಿದ್ದವು. ಅವು ಕೈನಡುಕ, ಮೈ ಬಿಗಿತ, ತೂಕದ ಏರಿಕೆ ತರುತ್ತವೆ. ಇದು ಡೋಪಮಿನ್ ರಿಸೆಪ್ಟರ್ ಮುಟ್ಟದೆ, ಮೇಲಿನಿಂದ ಡೋಪಮಿನ್ ಬಿಡುಗಡೆಯನ್ನೇ ಹದಕ್ಕೆ ತರುತ್ತದೆ. ಎಲ್ಲವೂ ಜಯವಲ್ಲ. ಬೇರೆ ಔಷಧಿಯ ಜೊತೆಗೆ ಸೇರಿಸಿ ಕೊಟ್ಟ ಪರೀಕ್ಷೆಯೊಂದು 2025ರ ಏಪ್ರಿಲ್‌ನಲ್ಲಿ ಗುರಿ ಮುಟ್ಟಲಿಲ್ಲ. ಬೆಲೆ ಅಮೆರಿಕದಲ್ಲಿ ತಿಂಗಳಿಗೆ 1,850 ಡಾಲರ್ ಎಂದು ಘೋಷಿಸಿದ್ದರು.

ಇಷ್ಟನ್ನೂ ಭಾವನಿಗೆ ಫೋನಿನಲ್ಲಿ ಹೇಳಿದೆ. ಅವನು ಕೇಳಿದ್ದು ಒಂದೇ, ‘ಹಂಗಾರೆ ದರ ಏರ್ತಾ?’ ಇಲ್ಲ. ಝ್ಯಾನೊಮೆಲಿನ್ ಪೂರ್ತಿ ಕಾರ್ಖಾನೆಯಲ್ಲಿ ಕಟ್ಟುವ ಅಣು. ಅದಕ್ಕೆ ನಮ್ಮ ಒಂದು ಗೊನೆ ಅಡಿಕೆಯೂ ಬೇಡ.

ನಮ್ಮ ಗುಂಪಿನವರಿಗೆ ಇಷ್ಟವಾಗುವ ಇನ್ನೊಂದು ಸಂಶೋಧನೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಪೆಸಿಫಿಕ್ ಸಾಗರದ ಪಲಾವ್ ದ್ವೀಪಗಳಲ್ಲಿ ಅಡಿಕೆ ಅಗಿಯುವುದು ಮನೆಮನೆಯ ರೂಢಿ. ಅಲ್ಲಿಯ ಸ್ಕಿಜೊಫ್ರೀನಿಯಾ ರೋಗಿಗಳನ್ನು ರೋಜರ್ ಸಲಿವನ್ ಮತ್ತು ಸಂಗಡಿಗರು ನೋಡಿ 2000ರಲ್ಲಿ ವರದಿ ಮಾಡಿದರು. ಅಡಿಕೆ ಅಗಿಯುವವರಲ್ಲಿ ರೋಗದ ಲಕ್ಷಣಗಳು ಸೌಮ್ಯವಾಗಿದ್ದವು. ಎಂ4ರ ವಿಷಯ ಗೊತ್ತಿದ್ದವರಿಗೆ ಇದು ಅಚ್ಚರಿಯಲ್ಲ. ಆದರೆ ರೋಗ ಸೌಮ್ಯವಾಗಿದ್ದವರೇ ನಾಲ್ಕು ಜನರ ಜೊತೆ ಕೂತು ಅಗಿಯುತ್ತಿದ್ದಿರಬಹುದು. ಅಗಿದದ್ದರಿಂದ ಸೌಮ್ಯವಾಯಿತೆಂದು ಇದರಿಂದ ಹೇಳಲು ಬರುವುದಿಲ್ಲ.

ಮತ್ತು ಕವಳ ಮಿದುಳಿಗೆ ಮಾತ್ರ ಹೋಗುವುದಿಲ್ಲವಲ್ಲ. ನನ್ನ ಅಂಗಡಿಗೆ ಗುಟ್ಕಾ ಚಟದ ಹುಡುಗನೊಬ್ಬ ಬರುತ್ತಾನೆ, ಇನ್ನೂ ಮೂವತ್ತು ದಾಟಿಲ್ಲ. ಬಾಯಿ ಎರಡು ಬೆರಳಿನಷ್ಟೂ ತೆರೆಯುವುದಿಲ್ಲ. ಕೆನ್ನೆಯೊಳಗೆ ಬಿಳಿಯ ಪಟ್ಟಿಗಳು ಹಗ್ಗದ ಹಾಗೆ ಬಿಗಿದಿವೆ. ದೊಡ್ಡ ಗುಳಿಗೆ ಬರೆದುಕೊಟ್ಟರೆ, ‘ಅಕ್ಕಾ, ಇದೇ ಸಿರಪ್‌ನಲ್ಲಿ ಸಿಗ್ತದಾ?’ ಎಂದು ಹಲ್ಲುಗಳ ಸಂದಿಯಿಂದ ಕೇಳುತ್ತಾನೆ. ಇದನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಅರೆಕೋಲಿನ್ ಅಲ್ಲಿಯ ಜೀವಕೋಶಗಳಿಂದ ಹೆಚ್ಚೆಚ್ಚು ಕೊಲಾಜೆನ್ ಎಂಬ ನಾರು ನೇಯಿಸುತ್ತದೆ, ಅದು ಗಟ್ಟಿಯಾಗುತ್ತದೆ, ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ತನ್ನ ಸಂಪುಟದಲ್ಲಿ, ತಂಬಾಕು ಸೇರಿಸದ ಬರೀ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಹಾಕಿತು. 2020ರಲ್ಲಿ ಅರೆಕೋಲಿನ್ ಅನ್ನು ಬೇರೆಯಾಗಿ ಪರಿಶೀಲಿಸಿ ‘ತರಬಹುದು’ ಎಂಬ ಗುಂಪಿಗೆ ಸೇರಿಸಿತು. ನಮ್ಮ ಸಭೆಗಳಲ್ಲಿ ಎರಡನೆಯದನ್ನು ಮಾತ್ರ ಓದಿ ಹೇಳುವವರಿದ್ದಾರೆ. ಬೆಳೆಗಾರರ ಹೊಟ್ಟೆಪಾಡಿನ ಚಿಂತೆ ನನಗೂ ಇದೆ, ಆದರೆ ಮೊದಲನೆಯ ಪುಟ ಹರಿದು ಎರಡನೆಯದನ್ನು ಓದುವುದು ಸರಿಯಲ್ಲ.

‘ತಂಬಾಕು ಬಿಟ್ಟೆ ಅಕ್ಕಾ, ಬರೀ ಅಡಿಕೆ ಈಗ’ ಎನ್ನುವವರು ಅಡಿಕೆಯನ್ನೇ ಯಾಕೆ ಬಿಡಲಾರರು ಎಂಬುದಕ್ಕೆ ಉತ್ತರ 2015ರಲ್ಲಿ ಸಿಕ್ಕಿತು. ಫ್ಲಾರಿಡಾ ವಿಶ್ವವಿದ್ಯಾಲಯದ ರೋಜರ್ ಪ್ಯಾಪ್ಕೆ ಮತ್ತು ಸಂಗಡಿಗರು ಅರೆಕೋಲಿನ್ ಅನ್ನು ನಿಕೋಟಿನಿಕ್ ಬಣದ ಮೇಲೂ ಪರೀಕ್ಷಿಸಿದರು. ಬೀಡಿ ಸಿಗರೇಟಿನ ಚಟಕ್ಕೆ ಕಾರಣವಾದ ರಿಸೆಪ್ಟರ್‌ಗಳ ಮೇಲೆಯೇ ಅದು ಅಲ್ಪಸ್ವಲ್ಪ ಕೆಲಸ ಮಾಡುತ್ತಿತ್ತು. ನಿಕೋಟಿನ್‌ನಷ್ಟು ಜೋರಾಗಿ ಅಲ್ಲ, ಆದರೆ ಇಡೀ ದಿನ ಕವಳ ತುಂಬಿಕೊಂಡ ಬಾಯಿಗೆ ಅಷ್ಟು ಸಾಕು. ತಂಬಾಕು ಬಿಡಿಸುವ ಔಷಧಿಗಳು ಅಡಿಕೆ ಬಿಡಿಸಲೂ ನೆರವಾಗಬಹುದೆಂಬ ಯೋಚನೆ ಇಲ್ಲಿಂದ ಬಂತು.

ಅಂಗಡಿಯ ಕೌಂಟರಿನಲ್ಲಿ ನನಗೆ ನಿತ್ಯ ಎದುರಾಗುವ ವಿಷಯ ಮಾತ್ರ ಬೇರೆ. ಡೋಪಮಿನ್ ತಡೆಯುವ ಔಷಧಿ ತೆಗೆದುಕೊಳ್ಳುವವರಿಗೆ ಕೈನಡುಕ ಬಾರದಿರಲೆಂದು ಟ್ರೈಹೆಕ್ಸಿಫೆನಿಡಿಲ್ ಕೊಡುತ್ತಾರೆ. ಅದು ಮಾಡುವುದು ದತ್ತೂರಿಯ ಕೆಲಸವನ್ನೇ, ಅಳತೆಯಲ್ಲಿ. ಅದೇ ರೋಗಿ ದಿನವಿಡೀ ಕವಳ ಹಾಕಿದರೆ ಒಂದು ಕೈಯಿಂದ ಮುಚ್ಚಿದ್ದನ್ನು ಇನ್ನೊಂದು ಕೈಯಿಂದ ತೆರೆದ ಹಾಗೆ. 1989ರಲ್ಲೇ ಇಂಗ್ಲೆಂಡಿನಲ್ಲಿ ಇಂಥ ಇಬ್ಬರು ಭಾರತೀಯ ರೋಗಿಗಳ ವರದಿ ಬಂದಿದೆ. ಅಡಿಕೆ ಜಾಸ್ತಿ ಅಗಿಯಲು ಶುರುಮಾಡಿದ ಮೇಲೆ ಅವರ ಮೈ ಬಿಗಿದು ನಡುಕ ಹೆಚ್ಚಿತ್ತು, ಅಡಿಕೆ ಬಿಡಿಸಿದ ಮೇಲೆ ಇಳಿಯಿತು.

ಹೀಗೇ ಒಮ್ಮೆ ಒಬ್ಬಳು ತನ್ನ ತಂದೆಯ ಚೀಟಿ ಹಿಡಿದು ಬಂದಳು. ನಡುಕ ಮತ್ತೆ ಶುರುವಾಗಿದೆ, ಡೋಸ್ ಹೆಚ್ಚಿಸಬೇಕಾ ಎಂದು ಕೇಳಿದಳು. ತಂದೆ ಪಕ್ಕದಲ್ಲೇ ಇದ್ದರು. ಮಾತಾಡಲು ಬಾಯಿ ತುಂಬಿತ್ತು, ಹೊರಗೆ ಹೋಗಿ ಗಟಾರಕ್ಕೆ ಉಗಿದು ಬಂದು, ‘ಎಂತ ಕೇಳಿದ್ರಿ?’ ಅಂದರು. ‘ದಿನಕ್ಕೆ ಎಷ್ಟು ಕವಳ ಆಗ್ತು ಮಾವಾ?’ ಎಂದೆ. ಲೆಕ್ಕ ಇಡುವ ಪದ್ಧತಿ ಇಲ್ಲ ಎಂದು ನಕ್ಕರು. ಮಗಳು ಮಾತ್ರ ನಗಲಿಲ್ಲ, ‘ಏಳುವಾಗ ಶುರು, ಮಲಗುವಾಗ ಮುಗಿತಾಯ’ ಎಂದಳು. ಡಾಕ್ಟರಿಗೆ ಇದನ್ನು ಹೇಳಿದ್ದಾರಾ ಎಂದರೆ, ಅವರು ಬೀಡಿ, ಸಾರಾಯಿ ಕೇಳಿದ್ದರು, ಕವಳ ಕೇಳಿರಲಿಲ್ಲ.

ಕೇಳದಿರುವುದು ಸಹಜ. ನಮ್ಮ ಕಡೆ ಕವಳವನ್ನು ಯಾರೂ ಚಟದ ಪಟ್ಟಿಯಲ್ಲಿ ಇಡುವುದಿಲ್ಲ. ಆಸ್ತಮಾದವರದ್ದೂ ಇದೇ ಕಥೆ. ಇಪ್ರಾಟ್ರೋಪಿಯಂ ಪಂಪು ಶ್ವಾಸನಾಳದ ಎಂ3 ಮುಚ್ಚಿ ಉಸಿರಿನ ದಾರಿ ಅಗಲ ಮಾಡುತ್ತದೆ, ಕವಳ ಅದೇ ಎಂ3 ಕೆರಳಿಸಿ ದಾರಿ ಕಿರಿದು ಮಾಡುತ್ತದೆ. ಈ ಎರಡು ಬಗೆಯ ಔಷಧಿ ಕೊಡುವಾಗ ಕವರಿನ ಮೇಲೆ ಬೆಳಿಗ್ಗೆ–ರಾತ್ರಿ ಗುರುತಿನ ಕೆಳಗೆ ಪೆನ್ನಿನಲ್ಲಿ ‘ಕವಳ ಹಾಕುವುದಿದ್ದರೆ ಡಾಕ್ಟರಿಗೆ ತಿಳಿಸಿ’ ಎಂದು ಬರೆದುಕೊಡುತ್ತೇನೆ. ಕೆಲವರು ತಿಳಿಸುತ್ತಾರೆ. ಕೆಲವರು ಆ ಕವರಿನಲ್ಲೇ ಅಡಿಕೆ ಕಟ್ಟಿಟ್ಟುಕೊಳ್ಳುತ್ತಾರೆ.